ಲಕ್ಷ್ಮಣಪ್ಪನ ಕಾಮಾಲೆ

ಮಂಪರು ಇಳಿದು ಕಣ್ಣು ಬಿಟ್ಟ ಲಕ್ಷ್ಮಣಪ್ಪ ಸೊಸೆಯನ್ನು ಮೊದಲು ಕೇಳಿದ್ದು ಕಲ್ಲು ಹೋಯಿತೇ ಎಂದಲ್ಲ, ಜೀವಕ್ಕೇನಾದರೂ ಅಪಾಯವಿದೆಯೇ ಎಂದೂ ಅಲ್ಲ. ಒಣಗಿದ ಗಂಟಲಿನಲ್ಲಿ ಎಂಜಲು ನುಂಗಿಕೊಂಡು, "ನಮ್ಮ ಕಡೇರು ಯಾರಾನಾ ನೋಡುದ್ರೇನವ್ವ?" ಎಂದು ಕೇಳಿದ.

ಯಾರೂ ನೋಡಿಲ್ಲ ಎಂದಳು ವೇಣಿ. ನೋಡುವುದಕ್ಕೆ ಅವರ ಕಡೆಯವರು ಅಲ್ಲಿದ್ದರೆ ತಾನೆ? ಜಿಗಣಿ ಪಕ್ಕದ ಅವರ ಊರಿನವರು ಜ್ವರ ಬಂದರೆ ಬೊಮ್ಮಸಂದ್ರಕ್ಕೆ ಹೋಗುತ್ತಾರೆ, ದೊಡ್ಡ ಕಾಯಿಲೆಯಾದರೆ ಬನ್ನೇರುಘಟ್ಟ ರಸ್ತೆ ಹಿಡಿಯುತ್ತಾರೆ. ಇಡೀ ಬೆಂಗಳೂರಿಗೆ ಪ್ರದಕ್ಷಿಣೆ ಹಾಕಿದಂತೆ ಸುತ್ತಿಕೊಂಡು ತುಮಕೂರು ರಸ್ತೆಯ ಮಾದನಾಯಕನಹಳ್ಳಿಯ ತನಕ ಬಂದು ಹೊಟ್ಟೆ ತೋರಿಸುವ ಹುಚ್ಚು ಯಾರಿಗಿದೆ? ಅದಕ್ಕೇ ಮಗ ಮುನೀಂದ್ರ ಹುಡುಕಿ ಹುಡುಕಿ ಈ ಆಸ್ಪತ್ರೆಯನ್ನು ಆರಿಸಿದ್ದ. ಊರಲ್ಲಿ ಕೇಳಿದವರಿಗೆಲ್ಲ ಅಪ್ಪ ಮಾದಪ್ಪನ ಬೆಟ್ಟಕ್ಕೆ ಹರಕೆ ತೀರಿಸಲು ಹೋಗಿದ್ದಾನೆ ಎಂದು ಹೇಳಿದ್ದ. ಮಾದಪ್ಪನಿಗೊಬ್ಬನಿಗೆ ಆ ವಿಷಯ ಗೊತ್ತಿರಲಿಲ್ಲ.

ಇಷ್ಟೆಲ್ಲ ಗುಟ್ಟು ಏಕೆಂದರೆ ಲಕ್ಷ್ಮಣಪ್ಪ ಕಾಮಾಲೆಗೆ ಸೊಪ್ಪು ಕೊಡುವವನು. ಅವನ ತಾತ ಕೊಡುತ್ತಿದ್ದ, ಅಪ್ಪ ಆವಲಪ್ಪ ಕೊಡುತ್ತಿದ್ದ, ಈಗ ಇವನು. ಭಾನುವಾರ ಮತ್ತು ಗುರುವಾರ ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಂದವರ ಬಾಯಿಗೆ ಅರೆದ ಸೊಪ್ಪಿನ ಉಂಡೆಯನ್ನು ತನ್ನ ಬಲಗೈಯಿಂದಲೇ ಇಟ್ಟು, ಮೇಲೊಂದು ಲೋಟ ಮಜ್ಜಿಗೆ ಕೊಡುತ್ತಿದ್ದ. ಕೊಡುವವನು ಕಾಸು ಮುಟ್ಟಬಾರದು. ತೆಗೆದುಕೊಂಡವನು 'ಹೋಗಿ ಬರ್ತೀನಿ' ಎನ್ನಬಾರದು, ಗೇಟು ದಾಟುವವರೆಗೆ ತಿರುಗಿ ನೋಡಬಾರದು. ಆಮೇಲೆ ಕಣ್ಣು ಬೆಳ್ಳಗಾಗುವ ತನಕ ಉಪ್ಪು, ಹುಳಿ, ಎಣ್ಣೆ ಮುಟ್ಟದೆ ಪಥ್ಯ ಹಿಡಿಯಬೇಕು. ಸೊಪ್ಪೇನು, ಹುಡುಕಿದರೆ ಯಾರ ಹಿತ್ತಿಲಲ್ಲಾದರೂ ಸಿಕ್ಕೀತು. ಕೈಗುಣ ಸಿಗಬೇಕಲ್ಲ ಎಂದು ಜನ ಹೇಳುತ್ತಿದ್ದರು. ಸುತ್ತಲಿನ ಹೊಲಗಳೆಲ್ಲ ಗ್ರಾನೈಟ್ ಪಾಲಿಶ್ ಕಾರ್ಖಾನೆಗಳಾಗಿ, ಮನೆಯ ಹೆಂಚಿನ ಮೇಲೆ ಸದಾ ಕಲ್ಲಿನ ಬಿಳಿ ಧೂಳು ಕೂರುವ ಕಾಲ ಬಂದರೂ ಆ ಜಗಲಿಯ ಮುಂದಿನ ಸಾಲು ಕರಗಿರಲಿಲ್ಲ. ನಿಜ ಹೇಳಬೇಕೆಂದರೆ, ಬಹುಪಾಲು ಕಾಮಾಲೆ ತಾನಾಗಿ ಬಂದು ತಾನಾಗಿ ಹೋಗುವ ನೆಂಟ. ಹೋಗುವ ಹೊತ್ತಿಗೆ ಬಾಗಿಲಲ್ಲಿ ಯಾರು ನಿಂತಿರುತ್ತಾರೋ ಅವರಿಗೆ ಹೆಸರು.

ಇದು ಆವಲಪ್ಪನಿಗೂ ಅಷ್ಟಿಷ್ಟು ಗೊತ್ತಿತ್ತೆಂದು ಕಾಣುತ್ತದೆ. ಮಗನಿಗೆ ಸೊಪ್ಪಿನ ಗುರುತು ಹೇಳಿಕೊಟ್ಟಾಗಲೇ ಅವನೊಂದು ಕಟ್ಟಳೆಯನ್ನೂ ಹಾಕಿದ್ದ. ಬಲಗಡೆ ಪಕ್ಕೆ ಹಿಡಿದುಕೊಂಡು ಬರುವವರಿಗೆ, ಚಳಿಜ್ವರ ಬರುವವರಿಗೆ ಸೊಪ್ಪು ಕೊಡಬೇಡ. ನೋವಿನ ಕಾಮಾಲೆಗೆ ನಮ್ಮ ಕೈ ಇಲ್ಲ, ದೊಡ್ಡಾಸ್ಪತ್ರೆಗೆ ಅಟ್ಟು ಎಂದು. ಲಕ್ಷ್ಮಣಪ್ಪ ಅದನ್ನು ಪಾಲಿಸುತ್ತಲೇ ಬಂದಿದ್ದ. ಎಷ್ಟೋ ಜನರನ್ನು ಜಗಲಿ ಹತ್ತಿಸದೆ ಹಿಂದಕ್ಕೆ ಕಳಿಸಿದ್ದ. ಆದರೆ ಕಟ್ಟಳೆ ಹಾಕಿದ ಆವಲಪ್ಪ, ಆ ನೋವಿನ ಕಾಮಾಲೆ ಸೊಪ್ಪು ಕೊಡುವವನಿಗೇ ಬಂದರೆ ಏನು ಮಾಡಬೇಕು ಎಂದು ಮಾತ್ರ ಹೇಳದೆ ಸತ್ತಿದ್ದ.

ಬಂದದ್ದೇನೋ ಬಂತು. ಮೊದಲು ಬಲಪಕ್ಕೆಯಲ್ಲಿ ಹಿಂಡಿದಂಥ ನೋವು, ಆಮೇಲೆ ಮೈಯೆಲ್ಲ ತುರಿಕೆ, ಆಮೇಲೆ ಕಣ್ಣು ಅರಿಶಿನ. ಲಕ್ಷ್ಮಣಪ್ಪ ತನ್ನ ಸೊಪ್ಪನ್ನು ತಾನೇ ತಿಂದ. ಉಪ್ಪಿಲ್ಲದ ಗಂಜಿ ಕುಡಿದ. ಕಣ್ಣು ಇನ್ನಷ್ಟು ಹಳದಿಯಾಯಿತು. ಕಾಮಾಲೆ ವಾಸಿಮಾಡುವವನಿಗೇ ಕಾಮಾಲೆಯಂತೆ ಎಂದು ಟೀ ಅಂಗಡಿಯಲ್ಲಿ ಯಾರೋ ನಕ್ಕರೆಂಬ ಸುದ್ದಿ ಬಂದ ಮೇಲೆ ಮುನೀಂದ್ರನಿಗೆ ತಡೆಯಲಾಗಲಿಲ್ಲ. ಅವನು ಕಾರ್ಖಾನೆಗಳಿಗೆ ನೀರಿನ ಟ್ಯಾಂಕರ್ ಓಡಿಸುವವನು, ಮುಂದಿನ ಚುನಾವಣೆಗೆ ನಿಲ್ಲಬೇಕೆಂದಿದ್ದವನು. ಊರಲ್ಲಿ ಅವನಿಗಿದ್ದ ಹೆಸರೆಲ್ಲ ಅಪ್ಪನ ಕೈಯಿಂದ ಬಂದದ್ದು.

ಆಸ್ಪತ್ರೆಯ ಡಾಕ್ಟರ್ ಹೇಮಲತಾ ಕೊಪ್ಪಳದ ಕಡೆಯವರು. ಪರದೆಯ ಮೇಲೆ ಚಿತ್ರ ತೋರಿಸಿ ವೇಣಿಗೂ ಮಾವನಿಗೂ ಬಿಡಿಸಿ ಹೇಳಿದರು. ಕಡ್ಡಿಯಷ್ಟು ಸಣ್ಣಗಿರಬೇಕಾಗಿದ್ದ ಪಿತ್ತನಾಳ ಕಲ್ಲು ಸಿಕ್ಕಿಕೊಂಡು ಹೆಬ್ಬೆರಳು ದಪ್ಪಕ್ಕೆ ಊದಿತ್ತು. ಬಾಯಿಂದ ಕ್ಯಾಮೆರಾ ಪೈಪು ಇಳಿಸಿ, ನಾಳದ ಬಾಯನ್ನು ಸ್ವಲ್ಪ ಕೊಯ್ದು ಕಲ್ಲು ತೆಗೆದಿದ್ದರು. ಮೇಲುಗಡೆ ಇನ್ನೊಂದು ಕಲ್ಲು ಕಚ್ಚಿಕೊಂಡಿತ್ತು. ಅದು ಮತ್ತೆ ದಾರಿ ಕಟ್ಟದಿರಲೆಂದು ನಾಳದೊಳಗೆ ಬೆರಳುದ್ದದ ಪ್ಲಾಸ್ಟಿಕ್ ನಳಿಗೆಯೊಂದನ್ನು ಕೂರಿಸಿದ್ದರು. ಇನ್ನು ಪಿತ್ತ ಸರಾಗವಾಗಿ ಹರಿಯುತ್ತದೆ, ಊದಿದ ನಾಳ ಮೆಲ್ಲಗೆ ತನ್ನ ಗಾತ್ರಕ್ಕೆ ಇಳಿಯುತ್ತದೆ ಎಂದರು.

"ಆದ್ರ ಈ ನಳಿಗಿ ಒಳಗ ಐತಿ ಅನ್ನೂದು ಮರಿಬ್ಯಾಡ್ರಿ ಅಜ್ಜಾರ. ಮೂರು ತಿಂಗಳೊಳಗ ಬಂದು ತೆಗಸ್ಕೋಬೇಕು. ಉಳಿದ ಕಲ್ಲೂ ಅವಾಗ ತೆಗೀತೀವಿ. ಬರಲಿಲ್ಲಂದ್ರ ನಳಿಗಿನ ಕಟ್ಕೋತೈತಿ, ನಾಳ ಮತ್ತ ಊದಿ ಕೀವು ತುಂಬ್ತೈತಿ. ಆಮ್ಯಾಲ ನಮ್ಮ ಕೈಯಾಗ ಇರಂಗಿಲ್ಲ."

ಲಕ್ಷ್ಮಣಪ್ಪ ತಲೆಯಾಡಿಸಿದ. ಅವನಿಗೆ ಕೇಳಬೇಕಿದ್ದದ್ದು ಬೇರೆ. ಆ ನಳಿಗೆ ಹೊರಗಿನಿಂದ ಏನಾದರೂ ಕಾಣುತ್ತದೆಯೇ, ಹೊಟ್ಟೆಯ ಮೇಲೆ ಗುರುತೇನಾದರೂ ಉಳಿಯುತ್ತದೆಯೇ ಎಂದು ಕೇಳಿದ. ಏನೂ ಕಾಣುವುದಿಲ್ಲ ಎಂದು ಡಾಕ್ಟರ್ ನಕ್ಕರು. ಆ ನಗುವಿನಿಂದ ಅವನಿಗೆ ಕಲ್ಲು ಹೋದದ್ದಕ್ಕಿಂತ ಹೆಚ್ಚು ಸಮಾಧಾನವಾಯಿತು.

ಊರಿಗೆ ಬಂದ ಮೇಲೆ ತುರಿಕೆ ನಿಂತಿತು, ಹಸಿವು ಹುಟ್ಟಿತು, ಕಣ್ಣು ದಿನದಿನಕ್ಕೂ ತಿಳಿಯಾಯಿತು. ಬೆಟ್ಟಕ್ಕೆ ಹೋಗುವಾಗ ಅರಿಶಿನದ ಕೊಂಬಿನಂತಿದ್ದ ಮುದುಕ ಈಗ ಹೀಗಿದ್ದಾನಲ್ಲ ಎಂದು ಜನ ಬೆರಗಾಗಿ ಕೇಳಿದಾಗ ಮುನೀಂದ್ರ ಕ್ಷಣವೂ ತಡವರಿಸಲಿಲ್ಲ. ಅಪ್ಪ ಬೆಟ್ಟದಲ್ಲಿ ಕೂತು ತನ್ನ ಸೊಪ್ಪನ್ನೇ ತಿಂದು, ಕಡುಪಥ್ಯ ಮಾಡಿ ವಾಸಿಮಾಡಿಕೊಂಡ ಎಂದುಬಿಟ್ಟ. ಆಮೇಲೆ ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂಬಂತೆ ಟೀ ಅಂಗಡಿಯಲ್ಲಿ, ಟ್ಯಾಂಕರ್ ತುಂಬಿಸುವ ಕಡೆ, ಮದುವೆ ಮನೆಯಲ್ಲಿ ಅದನ್ನೇ ಹೇಳಿಕೊಂಡು ತಿರುಗಿದ. ಯಾರೋ ಲಕ್ಷ್ಮಣಪ್ಪನ ವಿಡಿಯೋ ಮಾಡಿ ಮೊಬೈಲಿಗೆ ಹರಿಬಿಟ್ಟರು. ಗುರುವಾರ ಭಾನುವಾರ ಎಲೆಕ್ಟ್ರಾನಿಕ್ ಸಿಟಿಯ ಕಡೆಯಿಂದ ಕಾರುಗಳೂ ಬರತೊಡಗಿದವು.

ಮೊದಮೊದಲು ಲಕ್ಷ್ಮಣಪ್ಪನಿಗೆ ಕಸಿವಿಸಿಯಾಗುತ್ತಿತ್ತು. ಯಾರಾದರೂ ಕಾಲಿಗೆ ಬಿದ್ದರೆ ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದ. ಆದರೆ ಹೊಗಳಿಕೆ ಯಾರಿಗೆ ಕಹಿ? ಬರಬರುತ್ತ ಅವನು ತನಗೆ ತಾನೇ ಒಂದು ಲೆಕ್ಕ ಹಾಕಿಕೊಂಡ. ಕಲ್ಲು ತೆಗೆದದ್ದು ಆಸ್ಪತ್ರೆಯವರು, ಅದು ಸರಿ. ಆದರೆ ಕಣ್ಣು ತಿಳಿಯಾದದ್ದು ಮನೆಗೆ ಬಂದ ಮೇಲೆ ತಾನೆ? ಮನೆಗೆ ಬಂದ ಮೇಲೆ ಅವನು ತಿಂದದ್ದು ಸೊಪ್ಪೇ ತಾನೆ? ಹಾಗಾದರೆ ಜನ ಹೇಳುತ್ತಿರುವುದು ಪೂರ್ತಿ ಸುಳ್ಳೇನಲ್ಲ. ಈ ಲೆಕ್ಕವನ್ನು ಅವನು ಯಾರಿಗೂ ಹೇಳಲಿಲ್ಲ, ಆದರೆ ಅದು ಸಿಕ್ಕಿದ ಮೇಲೆ ಕಾಲು ಹಿಂದಕ್ಕೆಳೆದುಕೊಳ್ಳುವುದನ್ನು ಬಿಟ್ಟ.

ಮೂರು ತಿಂಗಳು ತುಂಬುವ ಮೊದಲೇ ವೇಣಿ ನೆನಪಿಸಿದಳು. ಅವಳು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಅತ್ತೆ ಬೈರಮ್ಮ ಹೋದ ಮೇಲೆ ಸೊಪ್ಪು ಅರೆಯುವುದೂ ಅವಳ ಪಾಲಿಗೇ ಬಂದಿತ್ತು. ಅರೆದ ಕೈಯನ್ನು ತೊಳೆದುಕೊಂಡು ಕಂಪನಿ ಬಸ್ಸು ಹತ್ತುವವಳು. ಈ ಗುರುವಾರ ಜನ ಜಾಸ್ತಿ ಎಂದ ಲಕ್ಷ್ಮಣಪ್ಪ. ಆಮೇಲೆ ಹಬ್ಬ ಬಂತು. ಆಮೇಲೆ, ಒಳಗೆ ಏನಾದರೂ ಇದೆ ಎಂದೇ ಅನ್ನಿಸುತ್ತಿಲ್ಲವಲ್ಲ ಎಂದ. ಮುನೀಂದ್ರನದು ಬೇರೆ ಲೆಕ್ಕ. ವಿಡಿಯೋ ಬಂದ ಮೇಲೆ ಅಪ್ಪನ ಮುಖ ಮಾದನಾಯಕನಹಳ್ಳಿಯಲ್ಲೂ ಗುರುತು ಸಿಗುತ್ತದೆ, ಚುನಾವಣೆ ಮುಗಿಯಲಿ ಎಂದ. ವೇಣಿ ಒಬ್ಬಳೇ ಮತ್ತೆ ಮತ್ತೆ ಹೇಳಿ, ಕೊನೆಗೆ ಗೊಣಗುವ ಸೊಸೆ ಎನ್ನಿಸಿಕೊಂಡಳು.

ಹಾಗಿರುವಾಗ ಒಂದು ಗುರುವಾರ ಭಾಗ್ಯಮ್ಮ ಬಂದಳು. ಅದೇ ಊರಿನ ಕೆಳಗಿನ ಬೀದಿಯವಳು. ಗಂಡ ಚಿಕ್ಕಬೈರಪ್ಪ ಕಾರ್ಖಾನೆಯಿಂದ ಗ್ರಾನೈಟ್ ಹಲಗೆಗಳನ್ನು ಸಾಗಿಸುವ ಗಾಡಿಯ ಚಾಲಕ. ಅವಳು ಮದುವೆಯಾಗಿ ಬಂದ ದಿನದಿಂದ ಲಕ್ಷ್ಮಣಪ್ಪ ಅವಳನ್ನು ಬಲ್ಲ. ಅವರೆಕಾಯಿ ಕಾಲದಲ್ಲಿ ಮೊದಲ ಸೊಗಡಿನ ಕಾಯಿಯನ್ನು ಬೈರಮ್ಮನಿಗೆ ತಂದುಕೊಡುತ್ತಿದ್ದವಳು. ಅವತ್ತು ಅವಳ ಕಣ್ಣು ಹಳದಿಯಾಗಿತ್ತು. ಕೈಮೇಲೆಲ್ಲ ತುರಿಸಿಕೊಂಡ ಗೀರುಗಳಿದ್ದವು. ಎಡಗೈಯಿಂದ ಬಲಪಕ್ಕೆಯನ್ನು ಅದುಮಿ ಹಿಡಿದುಕೊಂಡೇ ಜಗಲಿ ಹತ್ತಿದಳು.

ತವರಿಗೆಂದು ಅತ್ತಿಬೆಲೆಗೆ ಹೋದಾಗ ಅಲ್ಲಿ ಡಾಕ್ಟರಿಗೆ ತೋರಿಸಿದ್ದಳಂತೆ. ಪಿತ್ತದ ದಾರಿಯಲ್ಲಿ ಕಲ್ಲಿದೆ, ಬಾಯಿಂದ ಪೈಪು ಇಳಿಸಿ ತೆಗೆಯಬೇಕು, ತಡಮಾಡಬೇಡಿ ಎಂದು ಹೇಳಿದ್ದರಂತೆ. ಕೇಳಿದವಳೇ ಹೆದರಿ ಊರಿಗೆ ವಾಪಸು ಬಂದಿದ್ದಳು.

"ನಿಮ್ಗೂ ಇಂಗೇ ನೋವಿತ್ತಂತಲ್ಲಣ್ಣ, ಸೊಪ್ಪಲ್ಲೇ ಓಯ್ತಂತೆ. ನಮ್ಮೆಜಮಾನ್ರು ಆಸ್ಪತ್ರೆಗೇ ಓಗನಾ ಅಂತಾರೆ. ನಾನು ನಿಮ್ಮ ಬಾಯಲ್ಲಿ ಒಂದು ಮಾತು ಕೇಳ್ಬೇಕು ಅಂತ ಬಂದೆ. ನೀವು ಓಗು ಅಂದ್ರೆ ಓಗ್ತೀನಿ."

ಜಗಲಿಯ ಸುತ್ತ ಇದ್ದವರೆಲ್ಲ ಹತ್ತಿರ ಸರಿದರು. ಸಾಲಿನಲ್ಲಿದ್ದ ಒಬ್ಬ ಮೊಬೈಲು ಎತ್ತಿ ಹಿಡಿದಿದ್ದ. ಮುನೀಂದ್ರ ಕಂಬಕ್ಕೆ ಒರಗಿ ಅಪ್ಪನ ಬಾಯನ್ನೇ ನೋಡುತ್ತಿದ್ದ. ಲಕ್ಷ್ಮಣಪ್ಪನಿಗೆ ಆವಲಪ್ಪನ ಕಟ್ಟಳೆ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ತನ್ನ ಪಕ್ಕೆಯ ಆ ಹಿಂಡುವ ನೋವೂ ನೆನಪಾಯಿತು. 'ಆಸ್ಪತ್ರೆಗೆ ಹೋಗವ್ವ' ಎಂಬ ಮಾತನ್ನು ಅವನು ಎಷ್ಟು ಜನರಿಗೆ ಹೇಳಿರಲಿಲ್ಲ? ಆದರೆ ಇವತ್ತು ಹೇಳಿದರೆ, ನೀನೇಕೆ ಹೋಗಲಿಲ್ಲ, ನಿನ್ನದು ಸೊಪ್ಪಿನಲ್ಲಿ ಹೋಯಿತು, ನನ್ನದು ಏಕೆ ಹೋಗುವುದಿಲ್ಲ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಉತ್ತರ ಅವನಲ್ಲಿತ್ತು. ಅದನ್ನು ಇಷ್ಟು ಜನರ ಮುಂದೆ ಬಾಯಿಂದ ಹೊರಗೆ ತರುವ ಎದೆ ಇರಲಿಲ್ಲ.

"ಬಾಯಿ ತೆಗಿ," ಎಂದ. ಉಂಡೆ ಇಟ್ಟ. "ಪಥ್ಯ ಕೆಡಿಸ್ಬೇಡ."

ಭಾಗ್ಯಮ್ಮನ ಮುಖದಲ್ಲಿ ನೋವೆಲ್ಲ ಆಗಲೇ ಇಳಿದುಹೋದಂಥ ಕಳೆ ಬಂತು. ಮಜ್ಜಿಗೆ ಕುಡಿದು, ಮಾತಾಡದೆ ಮೆಟ್ಟಿಲಿಳಿದು ಹೋದವಳು ಗೇಟಿನ ಹತ್ತಿರ ಯಾವುದೋ ಸಂತೋಷಕ್ಕೆ ಒಮ್ಮೆ ತಿರುಗಿ ನೋಡಿ ನಕ್ಕಳು. ಹಾಗೆ ನೋಡಬಾರದೆಂದು ಪಕ್ಕದಲ್ಲಿದ್ದವರು ಗದರಿದರು.

ಮುಂದಿನ ಭಾನುವಾರ ಬಂದಳು, ಗುರುವಾರವೂ ಬಂದಳು. ಗುರುವಾರ ಅವಳನ್ನು ಗಂಡ ತೋಳು ಹಿಡಿದು ಹತ್ತಿಸಬೇಕಾಯಿತು. ಅವಳ ಬಾಯಿ ಮುಟ್ಟಿದ ಲಕ್ಷ್ಮಣಪ್ಪನ ಬೆರಳಿಗೆ ಜ್ವರದ ಬಿಸಿ ತಾಗಿತು. ಆಗಲಾದರೂ ಹೇಳಬಹುದಿತ್ತು. ಅವನು ಲುಂಗಿಗೆ ಕೈ ಒರೆಸಿಕೊಂಡು ಹಿಂದಿದ್ದವನನ್ನು ಕರೆದ. ಎರಡು ದಿನಕ್ಕೆ ಅವಳಿಗೆ ಮೈಯೆಲ್ಲ ನಡುಕ ಬಂದು ಮಾತು ತಪ್ಪಿತು. ಚಿಕ್ಕಬೈರಪ್ಪ ಅವಳನ್ನು ಕಲ್ಲು ಸಾಗಿಸುವ ಗಾಡಿಯಲ್ಲೇ ಹಾಕಿಕೊಂಡು ಬೊಮ್ಮಸಂದ್ರಕ್ಕೆ ಹೊರಟ. ಆಸ್ಪತ್ರೆಯ ಬಾಗಿಲಲ್ಲಿ ಇಳಿಸುವಾಗ ಅವಳು ಇರಲಿಲ್ಲ.

ವೇಣಿಗೆ ಸುದ್ದಿ ಗೊತ್ತಾದದ್ದು ಕಂಪನಿ ಬಸ್ಸಿನಲ್ಲಿ. ಮನೆಗೆ ಬಂದವಳು ಬ್ಯಾಗನ್ನೂ ಇಳಿಸದೆ ಮಾವನ ಮುಂದೆ ನಿಂತು, "ಅವ್ರಿಗೆ ನೋವಿತ್ತಾ?" ಎಂದು ಕೇಳಿದಳು. ಇತ್ತು ಎಂದ ಲಕ್ಷ್ಮಣಪ್ಪ. ಮಾರನೆಯ ದಿನದಿಂದ ಅವಳು ಸೊಪ್ಪು ಅರೆಯುವುದನ್ನು ಬಿಟ್ಟಳು.

ಚಿಕ್ಕಬೈರಪ್ಪ ಬರುತ್ತಾನೆ, ಬಂದು ಜನರ ಮುಂದೆ ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಲಕ್ಷ್ಮಣಪ್ಪ ದಿನಾ ಕಾಯುತ್ತಿದ್ದ. ಗಾಡಿಯ ಸದ್ದಾದರೆ ಒಳಗೆದ್ದು ಹೋಗುತ್ತಿದ್ದ. ತಿಥಿ ಮುಗಿದ ಮೇಲೆ ಚಿಕ್ಕಬೈರಪ್ಪ ಬಂದೇ ಬಂದ. ಬೋಳಿಸಿದ ತಲೆ, ಗುಳಿಬಿದ್ದ ಕಣ್ಣು. ಜಗಲಿ ಹತ್ತಿದವನು ನೆಲಕ್ಕೆ ಬಿದ್ದು ಲಕ್ಷ್ಮಣಪ್ಪನ ಎರಡೂ ಪಾದಗಳನ್ನು ಹಿಡಿದುಕೊಂಡ.

"ತಪ್ಪಾಯ್ತಣ್ಣ. ಅವ್ಳ ತಂಗಿ ಬಂದಿದ್ದೋಳು ಗಂಜಿಗೆ ಒಂಚೂರು ಉಪ್ಪಿನ್ಕಾಯಿ ರಸ ಬೆರೆಸ್ಕೊಟ್ಟವ್ಳೆ. ನಂಗೆ ಆಮೇಲೆ ಗೊತ್ತಾಯ್ತು. ಮೊದ್ಲ ದಿನ ತಿರುಗಿ ಬೇರೆ ನೋಡಿದ್ಲು. ನಿಮ್ಮ ಕೈಗೆ ಕೆಟ್ಟೆಸ್ರು ತಂದ್ಬುಟ್ಟು ಓದ್ಲು. ಅವ್ಳ ಪರವಾಗಿ ನಾನು ಕೇಳ್ಕೊತೀನಿ, ಮನಸ್ಸಿಗೆ ಆಕ್ಕಬೇಡಿ."

ಲಕ್ಷ್ಮಣಪ್ಪನಿಗೆ ನಾಚಿಕೆಯಾಯಿತು, ಅದು ನಿಜ. ಆದರೆ ನಾಚಿಕೆಗಿಂತ ಮೊದಲು ಬಂದದ್ದು ನಿರಾಳ. ಎದೆಯ ಮೇಲೆ ಕೂತಿದ್ದ ಗ್ರಾನೈಟ್ ಹಲಗೆಯನ್ನು ಯಾರೋ ಎತ್ತಿದಂತಾಯಿತು. ಕಾಲ ಬಳಿ ಅಳುತ್ತಿದ್ದ ಆ ಬೋಳುತಲೆಯ ಮೇಲೆ ತನ್ನ ಬಲಗೈ ಇಟ್ಟು, ಹೇಳಬಾರದ್ದನ್ನು ಹೇಳಿದ. "ಉಪ್ಪು ತಿನ್ಬಾರ್ದಾಗಿತ್ತು," ಎಂದ. ಒಳಗೆ ಬಾಗಿಲ ಮರೆಯಲ್ಲಿದ್ದ ವೇಣಿ ಅದನ್ನು ಕೇಳಿಸಿಕೊಂಡಳು. ಅವತ್ತು ಬಹಳ ದಿನಗಳ ಮೇಲೆ ಲಕ್ಷ್ಮಣಪ್ಪನಿಗೆ ಊಟ ರುಚಿಸಿತು.

ಅಂದಿನಿಂದ ಚಿಕ್ಕಬೈರಪ್ಪ ಆ ಜಗಲಿಯ ಆಳಾದ. ಗುರುವಾರ ಭಾನುವಾರ ಗಾಡಿ ಓಡಿಸುವುದನ್ನು ಬಿಟ್ಟು ಬಂದು ಸಾಲು ಸರಿಮಾಡುತ್ತಿದ್ದ, ಗೇಟಿನಲ್ಲಿ ನಿಂತು ಯಾರೂ ತಿರುಗಿ ನೋಡದಂತೆ ಕಾಯುತ್ತಿದ್ದ. ಪಥ್ಯದ ವಿಷಯ ಬಂದರೆ ಹೊಸಬರನ್ನು ಪಕ್ಕಕ್ಕೆ ಕರೆದು ತನ್ನ ಹೆಂಡತಿಯ ಕಥೆ ಹೇಳುತ್ತಿದ್ದ. ವೇಣಿ ಬಿಟ್ಟ ಒರಳಿಗೆ ಅವನ ಮಗಳು ಬಂದು ಕೂತಳು. ಅವರಿಬ್ಬರನ್ನೂ ನೋಡುವುದು ಲಕ್ಷ್ಮಣಪ್ಪನಿಗೆ ಮೊದಮೊದಲು ಕಷ್ಟವಾಗುತ್ತಿತ್ತು. ಅದೂ ಅಭ್ಯಾಸವಾಯಿತು.

ಅಭ್ಯಾಸವಾಗದ್ದು ಒಂದೇ, ಒಳಗಿನ ನಳಿಗೆ. ಒಂದು ಶನಿವಾರ ಮಧ್ಯಾಹ್ನ ಉಂಡು ಕೂತಿದ್ದ ಲಕ್ಷ್ಮಣಪ್ಪನಿಗೆ ಸುಡುಬಿಸಿಲಿನಲ್ಲಿ ಚಳಿ ಹತ್ತಿತು. ಹಲ್ಲು ಕಟಕಟ ಎನ್ನತೊಡಗಿದವು. ಎರಡು ಕಂಬಳಿ ಹೊದಿಸಿದರೂ ಮಂಚ ಅಲುಗುತ್ತಿತ್ತು. ಬಲಪಕ್ಕೆಯ ಹಳೆಯ ನೋವು ಹಿಂದಿನದಕ್ಕಿಂತ ಎರಡು ಪಟ್ಟಾಗಿ ಬಂದಿತ್ತು. ಸಂಜೆ ಮನೆಗೆ ಬಂದ ವೇಣಿ ಅವನ ರೆಪ್ಪೆ ಎತ್ತಿ ನೋಡಿ, ನೇರವಾಗಿ ಡಾಕ್ಟರ್ ಹೇಮಲತಾ ಅವರಿಗೆ ಫೋನು ಮಾಡಿದಳು. ಅವರು ಬೈಯುವುದಕ್ಕೂ ಹೊತ್ತು ಕಳೆಯಲಿಲ್ಲ. ನಳಿಗೆ ಕಟ್ಟಿಕೊಂಡಿದೆ, ನಾಳದಲ್ಲಿ ಕೀವಾಗಿದೆ, ಅದು ರಕ್ತಕ್ಕೆ ಇಳಿಯುವ ಮೊದಲು ಈಗಲೇ ಕರೆದುಕೊಂಡು ಬನ್ನಿ. ತೆಗೆಯುವುದು ಸ್ವಲ್ಪ ಹೊತ್ತಿನ ಕೆಲಸ, ಬಂದರೆ ಉಳಿಸಿಕೊಳ್ಳಬಹುದು ಎಂದರು.

ಮುನೀಂದ್ರ ಸೋಮವಾರ ಎಂದ. ಮರುದಿನ ಭಾನುವಾರ ಅವನ ಪಕ್ಷದ ದೊಡ್ಡವರೊಬ್ಬರು ತಮ್ಮ ಹೆಂಡತಿಗೆ ಸೊಪ್ಪು ಕೊಡಿಸಲು ಬರುವವರಿದ್ದರು. ಅಪ್ಪ ಕೈಯಲ್ಲಿ ಕೊಡದಿದ್ದರೂ ಪರವಾಗಿಲ್ಲ, ಒಳಗೆ ಮಲಗಿದ್ದರೆ ಸಾಕು, ಜಪಕ್ಕೆ ಕೂತಿದ್ದಾನೆ ಎಂದು ಹೇಳಿದರಾಯಿತು. "ಒಂದಿನ ತಡ್ಕೊಳಪ್ಪ. ನಿನ್ನ ಎಸ್ರಿಗೇ ಅಲ್ವಾ ಇದೆಲ್ಲ?" ಎಂದು ಮಂಚದ ಪಕ್ಕ ಕೂತು ಮೆತ್ತಗೆ ಹೇಳಿದ. ಮಾತ್ರೆಯಿಂದ ಜ್ವರ ಸ್ವಲ್ಪ ಇಳಿದಿತ್ತು. ಲಕ್ಷ್ಮಣಪ್ಪ ಮಗನ ಮುಖ ನೋಡಿ, ಆಗಲಿ ಎಂದ. ವೇಣಿ ಗಂಡನೊಂದಿಗೆ ಜಗಳವಾಡಿ ಗಂಟಲು ಕಟ್ಟಿಸಿಕೊಂಡಳು. ರೋಗಿಯೇ ಆಗಲಿ ಎಂದ ಮೇಲೆ ಸೊಸೆಯ ಮಾತು ಯಾವ ಲೆಕ್ಕ?

ಬೆಳಗಾಗುವ ಹೊತ್ತಿಗೆ ಚಳಿ ಮತ್ತೆ ಬಂತು. ಈ ಸಲ ಲಕ್ಷ್ಮಣಪ್ಪನಿಗೆ ತನ್ನ ಕೈಕಾಲು ತನ್ನವಲ್ಲ ಎನ್ನಿಸಿತು. ಭಾಗ್ಯಮ್ಮನಿಗೂ ಇದೇ ನಡುಕ ಬಂದಿತ್ತು ಎಂಬುದು ನೆನಪಾಗಿ ಅವನು ಹೆದರಿದ. ಹೆಸರು, ಚುನಾವಣೆ, ತಾತನ ಕಾಲದ ಕೈಗುಣ ಎಲ್ಲವೂ ಆ ಹೆದರಿಕೆಯ ಮುಂದೆ ಹೊಟ್ಟಿನಂತೆ ಹಾರಿಹೋದವು. ನೀರು ಕುಡಿಸಲು ಬಂದ ಸೊಸೆಯ ಕೈ ಹಿಡಿದುಕೊಂಡು, "ಕರ್ಕಂಡೋಗವ್ವ. ನಂಗೆ ಸಾಯಕ್ಕೆ ಇಷ್ಟ ಇಲ್ಲ," ಎಂದ.

ಮುನೀಂದ್ರ ಮುಂಬಾಗಿಲಿನಲ್ಲಿ ಕುರ್ಚಿ ಹಾಕಿಸುತ್ತಿದ್ದ. ವೇಣಿ ಮಾವನನ್ನು ಹೆಗಲಿಗೆ ಆನಿಸಿಕೊಂಡು, ಹಿಂದಿನ ಬಾಗಿಲಿನಿಂದ ಹಳೆಯ ಕೊಟ್ಟಿಗೆ ದಾಟಿಸಿ, ಮನೆಯ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ತಾನೇ ಓಡಿಸಿಕೊಂಡು ಹೊರಟಳು. ಓಣಿಯಿಂದ ಹೊರಬಿದ್ದರೆ ಸಾಕಾಗಿತ್ತು. ಆದರೆ ಓಣಿಯ ತುದಿಯಲ್ಲಿ ಸೊಪ್ಪಿಗೆ ಬಂದ ವಾಹನಗಳನ್ನು ಹಿಂದೆ ಮುಂದೆ ಮಾಡಿಸಿ ನಿಲ್ಲಿಸುತ್ತಿದ್ದವನು ಚಿಕ್ಕಬೈರಪ್ಪ. ಅವನು ಕಾರಿಗೆ ದಾರಿ ಬಿಡಿಸಲೆಂದೇ ಹತ್ತಿರ ಬಂದ. ಕಿಟಕಿಯಲ್ಲಿ ಬಗ್ಗಿ ನೋಡಿದವನಿಗೆ ಕಂಬಳಿಯೊಳಗಿನ ಹಳದಿ ಮುಖ ಕಂಡಿತು.

"ಅಣ್ಣ, ಮತ್ತೆ ಬಂತಾ ನಿಮ್ಗೆ?" ಎಂದ. ಅವನ ದನಿಯಲ್ಲಿ ಅನುಮಾನವಿರಲಿಲ್ಲ, ಗಾಬರಿಯಿತ್ತು. "ಎಲ್ಲಿಗೆ ಕರ್ಕಂಡೋಗ್ತಿದೀಯವ್ವ ಈ ಸ್ಥಿತಿನಾಗೆ?"

ವೇಣಿಗೆ ಇನ್ನು ಮುಚ್ಚಿಡುವ ಚೈತನ್ಯ ಇರಲಿಲ್ಲ. "ಆಸ್ಪತ್ರೆಗೆ. ದಾರಿ ಬಿಡಿ. ಅವತ್ತು ಕಲ್ಲು ತೆಗೆದಾಗ ಹಾಕಿದ ನಳಿಗೆ ಕಟ್ಕೊಂಡ್ಬಿಟ್ಟಿದೆ, ತೆಗಿಸ್ಬೇಕು. ಲೇಟಾದ್ರೆ ಉಳಿಯಲ್ಲ," ಎಂದಳು.

ಚಿಕ್ಕಬೈರಪ್ಪ ಕಿಟಕಿಯ ಅಂಚು ಹಿಡಿದುಕೊಂಡೇ ನಿಂತ. ಅವನ ಹಿಂದೆ ನಾಲ್ಕಾರು ಜನ ಸೇರಿದ್ದರು. ಅವತ್ತು ಎಂದರೆ ಯಾವತ್ತು ಎಂದು ಅವನು ವೇಣಿಯನ್ನು ಕೇಳಲಿಲ್ಲ. ನಿಧಾನವಾಗಿ ಏನನ್ನೋ ಹಿಂದಕ್ಕೆ ಎಣಿಸಿಕೊಂಡವನಂತೆ ಲಕ್ಷ್ಮಣಪ್ಪನ ಕಡೆಗೆ ತಿರುಗಿದ. "ಅಣ್ಣ, ನೀವು ಆಸ್ಪತ್ರೆಗೆ ಓಗಿದ್ರಾ?" ಎಂದು ಮೆಲ್ಲಗೆ ಕೇಳಿದ.

ಹೌದು ಎಂದರೆ ಮುಗಿಯಿತು. ಆ ಒಂದು ಮಾತು ಹೇಳಿದರೆ ಕಾರು ಹೊರಡುತ್ತದೆ, ನಳಿಗೆ ಹೊರಗೆ ಬರುತ್ತದೆ, ಜೀವ ಉಳಿಯುತ್ತದೆ. ಲಕ್ಷ್ಮಣಪ್ಪನಿಗೆ ಅಷ್ಟು ಜ್ವರದಲ್ಲೂ ಇದು ಸ್ಪಷ್ಟವಾಗಿತ್ತು. ಆದರೆ ಆ ಮಾತಿನ ಹಿಂದೆಯೇ ಭಾಗ್ಯಮ್ಮ ಬರುತ್ತಿದ್ದಳು. ಅವಳ ಗಂಡ ಕಾರಿನ ಬಾಗಿಲು ಕಿತ್ತು ಹೊಡೆದರೆ ಹೊಡೆಸಿಕೊಳ್ಳಬಹುದು. ಅವನು ಹೊಡೆಯದೆ, ಹೀಗೆಯೇ ಕಿಟಕಿ ಹಿಡಿದುಕೊಂಡು ನೋಡುತ್ತ ನಿಂತುಬಿಟ್ಟರೆ? ಸಾಯುವುದಕ್ಕೆ ಇಷ್ಟವಿರಲಿಲ್ಲ. ಆ ಕಣ್ಣುಗಳ ಮುಂದೆ ಬದುಕುವುದು ಅದಕ್ಕಿಂತ ಕಷ್ಟವಾಗಿ ಕಂಡಿತು.

"ಇಲ್ಲ," ಎಂದ. "ನಾನ್ಯಾಕೆ ಓಗ್ಲಿ? ಸೊಸೆಗೆ ಗಾಬ್ರಿ, ಏನೇನೋ ಅಂತಾಳೆ."

ಚಿಕ್ಕಬೈರಪ್ಪ ಹಿಡಿದಿದ್ದ ಉಸಿರನ್ನು ಬಿಟ್ಟ. ಅವನ ಕಣ್ಣಲ್ಲಿ ನೀರು ತುಂಬಿತು. ಬಾಗಿಲು ತೆರೆದು, ಕಂಬಳಿ ಸಮೇತ ಲಕ್ಷ್ಮಣಪ್ಪನನ್ನು ಎರಡೂ ಕೈಗಳಲ್ಲಿ ಎಳೆಗೂಸಿನಂತೆ ಎತ್ತಿಕೊಂಡ. ವೇಣಿ ಇಳಿದು ಓಡಿ ಬಂದು, ಮಾವ ಸುಳ್ಳು ಹೇಳುತ್ತಿದ್ದಾನೆ, ಬೇಕಾದರೆ ಡಾಕ್ಟರಿಗೆ ಫೋನು ಮಾಡಿಕೊಡುತ್ತೇನೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು. ಮುನೀಂದ್ರ ಬಂದವನೇ ಅವಳ ಕೈಯಿಂದ ಮೊಬೈಲನ್ನೂ ಕಾರಿನ ಕೀಲಿಯನ್ನೂ ತೆಗೆದುಕೊಂಡ. ಸಾಲಿನಲ್ಲಿದ್ದ ಹೆಂಗಸರು ಅವಳನ್ನು ಹಿಡಿದು ಕೂರಿಸಿ, ಪಾಪ ಎಂದು ನೀರು ಕುಡಿಸಿದರು.

ನಡುಮನೆಯಲ್ಲಿ ಚಾಪೆ ಹಾಸಿ ಲಕ್ಷ್ಮಣಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಭಾಗ್ಯಮ್ಮನ ಮಗಳು ಆಗಷ್ಟೇ ಅರೆದ ಸೊಪ್ಪನ್ನು ಬಟ್ಟಲಲ್ಲಿ ತಂದಳು. ಮುನೀಂದ್ರ ಕೈ ಚಾಚಿದಾಗ ಚಿಕ್ಕಬೈರಪ್ಪ ತಡೆದು, ಇದೊಂದು ಸಲ ತನ್ನ ಕೈಯಲ್ಲಿ ಕೊಡಲು ಬಿಡಬೇಕು, ತನ್ನ ಹೆಂಡತಿ ಮಾಡಿದ ತಪ್ಪು ಅಷ್ಟಾದರೂ ಕಳೆಯಲಿ ಎಂದು ಬೇಡಿಕೊಂಡ. ಬೇಡ ಎನ್ನಲು ಯಾರಿಗೂ ಮನಸ್ಸಾಗಲಿಲ್ಲ. ಅವನು ಉಂಡೆ ಕಟ್ಟಿ ತುಟಿಯ ಹತ್ತಿರ ಹಿಡಿದ. ಲಕ್ಷ್ಮಣಪ್ಪ ಅವನ ಮುಖ ನೋಡದೆ ಬಾಯಿ ತೆರೆದ. ನುಂಗಿದ. ಮಜ್ಜಿಗೆ ಅರ್ಧ ಒಳಗೆ ಹೋಯಿತು, ಅರ್ಧ ಗದ್ದದಿಂದ ಇಳಿಯಿತು. ಹುಡುಗಿ ಸೆರಗಿನಿಂದ ಒರೆಸಿದಳು.

ಪಥ್ಯದ ಚಿಂತೆ ಬೇಡ, ಈ ಸಲ ನಾನೇ ಇರುತ್ತೇನೆ ಎಂದ ಚಿಕ್ಕಬೈರಪ್ಪ. ಎದ್ದು ಅಡುಗೆಮನೆಗೆ ಹೋಗಿ ಉಪ್ಪಿನ ಜಾಡಿಯನ್ನು ಎತ್ತಿಕೊಂಡು ಬಂದ. ಹೊಸ್ತಿಲಿಗೆ ಅಡ್ಡವಾಗಿ ಕೂತು, ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮುಚ್ಚಳದ ಮೇಲೆ ಎರಡೂ ಕೈಗಳನ್ನು ಇಟ್ಟ.